ನೀರಿಗ್ ಹಾಕ್ ಕಾಣ್

ಮೆಟ್ಟಿದ್ದು ನಾನು. ನೋಡಿದ್ದು ಅಣ್ಣನ ಮಗಳು.

ದಸರಾ ರಜೆಗೆ ಊರಿಗೆ ಹೋಗಿದ್ದೆವು. ರಾತ್ರಿ ಬಸ್ಸಿನಲ್ಲಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಆದರೂ ಅಮ್ಮ ಕೊಟ್ಟ ಕಾಫಿ ಕುಡಿದವಳೇ ಹುಡುಗಿಯನ್ನು ಕರೆದುಕೊಂಡು ಕಡಲಿಗೆ ಇಳಿದೆ. ನಮ್ಮದು ತ್ರಾಸಿ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ ಅಂತ ಜನ ಮರವಂತೆಯಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರಲ್ವಾ, ಅಲ್ಲಿಂದ ಸ್ವಲ್ಪ ತೆಂಕಕ್ಕೆ ಬಂದರೆ ನಾವು. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಕಡೆ ಫೋಟೊದವರು ಇರುವುದಿಲ್ಲ. ಕಾಗೆ, ನಾಯಿ, ಕೈರಂಪಣಿ ಬಲೆ ಎಳೆಯುವ ನಾಲ್ಕಾರು ಜನ, ಅಷ್ಟೇ.

ಕಾಲಡಿಗೆ ಏನೋ ತಣ್ಣಗೆ ಸಿಕ್ಕಿ ಜಾರಿತು. ಬಗ್ಗಿ ನೋಡಿದರೆ ಮರಳು ಬಿಟ್ಟು ಬೇರೇನೂ ಕಾಣಲಿಲ್ಲ. ನಾನು ಮುಂದೆ ಹೋಗುತ್ತಿದ್ದೆ. ಹನ್ನೊಂದು ವರ್ಷದ ಹುಡುಗಿ ಬಿಡಬೇಕಲ್ಲ, ಅಲ್ಲೇ ಕುಕ್ಕುರುಗಾಲಲ್ಲಿ ಕೂತಳು.

"ಅತ್ತೆ, ಇಲ್ಲಿ ನೋಡಿ. ತುಂಬಾ ಇದೆ."

ಕೂತು ನೋಡಿದ ಮೇಲೆ ನನಗೂ ಕಂಡಿತು. ಅಲೆ ಬಂದು ಹೋದ ಗೆರೆಯ ಉದ್ದಕ್ಕೂ ನೂರಾರು ಲೋಳೆ ಮುದ್ದೆಗಳು. ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು. ಬಣ್ಣವೇ ಇಲ್ಲ. ತಾಟಿನಿಂಗಿನ ತಿರುಳನ್ನು ಚೂರು ಚೂರು ಮಾಡಿ ಚೆಲ್ಲಿದ ಹಾಗೆ. ಒಂದನ್ನು ಬೆರಳಲ್ಲಿ ಒತ್ತಿದರೆ ಜೆಲ್ಲಿಯಷ್ಟು ಮೆತ್ತಗಿಲ್ಲ, ರಬ್ಬರಿನಷ್ಟು ಗಟ್ಟಿಯೂ ಇಲ್ಲ. ಪ್ರತಿಯೊಂದರ ಒಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಂದು ಚುಕ್ಕೆ.

"ವಾಟರ್ ಬೀಡ್ಸ್" ಅಂದಳು ಹುಡುಗಿ. ನೀರಲ್ಲಿ ಹಾಕಿದರೆ ಉಬ್ಬುವ ಬಣ್ಣದ ಮಣಿ ಜಾತ್ರೆಯಲ್ಲಿ ಮಾರುತ್ತಾರಲ್ಲ, ಅದು. ತಪ್ಪಾದರೂ ಒಳ್ಳೆಯ ಊಹೆ. ನನ್ನ ಊಹೆ ಮೀನಿನ ಮೊಟ್ಟೆ. ಆ ಕಂದು ಚುಕ್ಕೆ ಮರಿಯ ಕಣ್ಣು ಅಂದುಕೊಂಡೆ. ಫೋನು ತೆಗೆದು ಫೋಟೊ ಹಿಡಿದು, ಚಿತ್ರ ತೋರಿಸಿದರೆ ಹೆಸರು ಹೇಳುವ ಆ್ಯಪಿಗೆ ಕೇಳಿದೆ. ಅದು ಐಸ್ ತುಂಡು ಎಂದಿತು. ಇನ್ನೊಂದು ಫೋಟೊ ಕೊಟ್ಟೆ. ಕಾಂಟ್ಯಾಕ್ಟ್ ಲೆನ್ಸ್ ಎಂದಿತು. ಮೂರನೆಯದಕ್ಕೆ ಜೆಲ್ಲಿಫಿಶ್ ಎಂದಿತು. ಸರಿ, ಜೆಲ್ಲಿಫಿಶ್ಶೇ ಇರಬೇಕು ಅಂತ ನಾನೂ ಒಪ್ಪಿಕೊಂಡೆ. ಕಡಲು, ಲೋಳೆ, ಪಾರದರ್ಶಕ. ಇನ್ನೇನಿರುತ್ತದೆ?

ಅಷ್ಟರಲ್ಲಿ ಬಲೆಯ ಹಗ್ಗ ಬಿಟ್ಟು ಒಬ್ಬ ಅಜ್ಜ ನಮ್ಮ ಕಡೆ ಬಂದರು. ಸೊಂಟಕ್ಕೆ ಲುಂಗಿ, ತಲೆಗೆ ಸುತ್ತಿದ ಬೈರಾಸು.

"ನೀನ್ ಯಾರ್ ಮನಿದ್?" ಅಂದರು. ನಮ್ಮೂರಲ್ಲಿ ಎಲ್ಲ ಮಾತೂ ಅಲ್ಲಿಂದಲೇ ಶುರು. ನಾನು ಬಾಯಿ ತೆರೆಯುವ ಮೊದಲೇ ಅವರೇ ನನ್ನ ಅಜ್ಜಿಯ ಹೆಸರು ಹೇಳಿದರು. "ಅವ್ರ್ ಮೊಮ್ಮಗ್ಳಲ್ದಾ? ನಡಿಗಿ ಕಂಡ್ರೆ ಗೊತ್ತಾತ್ತ್."

ಅಮ್ಮನದು ನೆಟ್ಟಗಿನ ನಡಿಗೆ. ನನಗೆ ಬಂದದ್ದು ಅಜ್ಜಿಯ ಬಾತುಕೋಳಿ ನಡಿಗೆ. ಶಾಲೆಯಲ್ಲಿ ಅದಕ್ಕೆ ನಗಿಸಿಕೊಂಡದ್ದು ಕಡಿಮೆಯೇನಿಲ್ಲ. ಅಜ್ಜಿ ಹೋಗಿ ಹದಿನೈದು ವರ್ಷ ಆಯಿತು. ಮರಳಿನ ಮೇಲೆ ಇನ್ನೂ ಅವರ ಗುರುತು ಹಿಡಿಯುವವರಿದ್ದಾರೆ ಅಂತ ಗೊತ್ತಿರಲಿಲ್ಲ.

ಆ ಲೋಳೆ ತೋರಿಸಿ ಎಂತ ಇದು ಅಂತ ಕೇಳಿದೆ. ಅವರು ಹೆಸರು ಹೇಳಲಿಲ್ಲ. "ದಡದ್ ಮೇಲ್ ಎಲ್ಲ ಒಂದೇ ನಮೂನಿ ಕಾಂತ್. ನೀರಿಗ್ ಹಾಕ್ ಕಾಣ್" ಅಂದು ತಿರುಗಿ ಹಗ್ಗದ ಕಡೆ ಹೋದರು.

ಹುಡುಗಿಯ ಸ್ಟೀಲ್ ಬಾಟಲಿಯ ಮುಚ್ಚಳದಲ್ಲಿ ಕಡಲ ನೀರು ತುಂಬಿದೆವು. ಈಗಷ್ಟೇ ಅಲೆ ತಂದು ಹಾಕಿದ್ದ ಒಂದನ್ನು ಚಿಪ್ಪಿನಿಂದ ಎತ್ತಿ ಅದರಲ್ಲಿ ಬಿಟ್ಟೆವು. ಒಂದು ಕ್ಷಣ ಏನೂ ಕಾಣಲಿಲ್ಲ. ನೀರಲ್ಲಿ ಮಾಯ. ಆಮೇಲೆ ಆ ಕಂದು ಚುಕ್ಕೆ ತೇಲಿತು. ಅದರ ಸುತ್ತ ನಿಧಾನಕ್ಕೆ ಒಂದು ಆಕಾರ ಬಿಚ್ಚಿಕೊಂಡಿತು. ಚಿಕ್ಕ ಪೀಪಾಯಿ. ಪೀಪಾಯಿಗೆ ಕಬ್ಬಿಣದ ಬಳೆ ಹಾಕಿರುತ್ತಾರಲ್ಲ, ಹಾಗೇ ಮೈಸುತ್ತ ತೆಳ್ಳಗಿನ ಬಿಳಿ ಪಟ್ಟಿಗಳು. ಎರಡು ತುದಿಯೂ ತೆರೆದಿದೆ. ನೋಡುತ್ತಿದ್ದ ಹಾಗೆ ಪಟ್ಟಿಗಳೆಲ್ಲ ಒಟ್ಟಿಗೆ ಬಿಗಿಯಾದವು. ಪೀಪಾಯಿ ಸಣ್ಣಗಾಯಿತು, ಹಿಂದಿನಿಂದ ನೀರು ಹೊರಗೆ ಹೋಯಿತು, ಪ್ರಾಣಿ ಒಂದು ಚೂರು ಮುಂದೆ ಹಾರಿತು. ಮತ್ತೆ ಸಡಿಲ. ಮತ್ತೆ ಬಿಗಿ.

ಹುಡುಗಿ ಉಸಿರು ಬಿಡಲಿಲ್ಲ. ನಾನೂ ಅಷ್ಟೇ. ಮೆಟ್ಟಿದ್ದು ನೆನಪಾಗಿ ಕಾಲು ಒಮ್ಮೆ ಹಿಂದೆ ಎಳೆದುಕೊಂಡೆ.

ಪದವಿಯಲ್ಲಿ ನನ್ನ ಜೊತೆ ಓದಿದವಳೊಬ್ಬಳು ಈಗ ಮಂಗಳೂರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಅಲ್ಲಿಂದಲೇ ಅವಳಿಗೆ ಫೋನು ಮಾಡಿದೆ. ಹೆಸರು ಹೇಳು ಅಂದರೆ ಅವಳೇ ಪ್ರಶ್ನೆ ಕೇಳತೊಡಗಿದಳು.

"ಕೊಡೆ ಹಾಗಿದ್ಯಾ? ಅಂಚಿಗೆ ದಾರ ನೇತಾಡ್ತಾ?"

ಇಲ್ಲ.

"ಹಾಗಾದ್ರೆ ಜೆಲ್ಲಿಫಿಶ್ ಬಿಡು. ಬಿಸಿಲಿಗೆ ಹಿಡಿ. ಮೈಮೇಲೆ ಕಾಮನಬಿಲ್ಲು ಓಡ್ತಾ?"

ಇಲ್ಲ. ಓಡಿದ್ದರೆ ಅದು ಬಾಚಣಿಗೆ ಜೆಲ್ಲಿಯಂತೆ. ಮೈಮೇಲೆ ಸೂಕ್ಷ್ಮ ಕೂದಲಿನ ಎಂಟು ಸಾಲು ಇರುತ್ತವೆ, ಅವು ಬಡಿಯುವಾಗ ಬೆಳಕು ಬಣ್ಣ ಬಣ್ಣವಾಗಿ ಒಡೆಯುತ್ತದೆ. ಅದಕ್ಕೂ ಜೆಲ್ಲಿಫಿಶ್ಶಿಗೂ ಹೆಸರು ಬಿಟ್ಟರೆ ಹತ್ತಿರದ ಸಂಬಂಧ ಇಲ್ಲ.

"ಎರಡು ತುದಿಯೂ ತೆರೆದಿದ್ಯಾ?"

ಹೌದು.

"ಮೈಸುತ್ತ ಪಟ್ಟಿ? ಒಂದು ಕಡೆ ಚುಕ್ಕೆ?"

ಹೌದು, ಹೌದು.

"ಹಂಗಾರೆ ಅದು ಸ್ಯಾಲ್ಪ್. ಚುಕ್ಕೆ ಅದರ ಹೊಟ್ಟೆ, ಕರುಳು ಎಲ್ಲ ಸೇರಿದ ಗಂಟು. ಮೈಯೆಲ್ಲ ಅಡಗಿಸಬಹುದು ಮಾರಾಯ್ತಿ, ತಿಂದದ್ದು ಅಡಗಿಸೋಕೆ ಆಗಲ್ಲ. ಮತ್ತೆ ಒಂದು ಮಾತು. ಅದು ಜೆಲ್ಲಿಫಿಶ್ಶಿಗಿಂತ ನಿನಗೇ ಹತ್ತಿರದ ನೆಂಟ."

ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಸ್ಯಾಲ್ಪ್ ಟ್ಯೂನಿಕೇಟ್ ಎಂಬ ಗುಂಪಿಗೆ ಸೇರಿದ್ದು. ಇದೇ ಗುಂಪಿನ ಕೆಲವು ಪ್ರಾಣಿಗಳು ಬೆಳೆದ ಮೇಲೆ ಬಂಡೆಗೆ, ದೋಣಿಯ ತಳಕ್ಕೆ ಚೀಲದ ಹಾಗೆ ಅಂಟಿಕೊಂಡು ಕೂರುತ್ತವೆ. ಅವುಗಳ ಮರಿಗಳಿಗೆ ಗೊದಮೊಟ್ಟೆಯ ಹಾಗೆ ಬಾಲ, ಆ ಬಾಲದಲ್ಲಿ ನಮ್ಮ ಬೆನ್ನೆಲುಬಿನ ಮೂಲವಾದ ದಂಡ ಇರುವುದನ್ನು ರಷ್ಯಾದ ಪ್ರಾಣಿಶಾಸ್ತ್ರಜ್ಞ ಕೊವಲೆವ್ಸ್ಕಿ 1866ರಲ್ಲೇ ತೋರಿಸಿದ್ದರು. ಆದರೂ ಬೆನ್ನೆಲುಬಿನ ಪ್ರಾಣಿಗಳಿಗೆ ತೀರಾ ಹತ್ತಿರದ್ದು ಆಂಫಿಯಾಕ್ಸಸ್ ಎಂಬ ಮೀನಿನಂಥ ಪುಟ್ಟ ಪ್ರಾಣಿ ಅಂತಲೇ ಬಹಳ ಕಾಲ ನಂಬಿದ್ದರು. ನೋಡಲು ಅದು ನಮ್ಮವರ ಹಾಗೇ ಇದೆ, ಅದಕ್ಕೆ. 2006ರಲ್ಲಿ ವಂಶವಾಹಿಗಳನ್ನು ರಾಶಿ ಹಾಕಿ ಹೋಲಿಸಿದಾಗ ಈ ಚೀಲ, ಪೀಪಾಯಿಗಳೇ ಇನ್ನೂ ಹತ್ತಿರ ಎಂದು ಬಂತು. ಚೆಂದ ಇರುವವರನ್ನು ಮೊದಲು ನೆಂಟರು ಅಂದುಕೊಳ್ಳುವುದು ವಿಜ್ಞಾನದಲ್ಲೂ ಇದೆ ನೋಡಿ.

ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು ಇನ್ನೆರಡು ಸಂಗತಿ. ಆ ಲೋಳೆ ಹೊದಿಕೆಯಲ್ಲಿ ಸೆಲ್ಯುಲೋಸ್ ಇದೆ. ನಾವು ಉಡುವ ಹತ್ತಿ ಬಟ್ಟೆಯಲ್ಲಿ ಇರುವುದೂ ಅದೇ. ಮರ ಗಿಡಗಳು ಮಾಡುವ ಈ ವಸ್ತುವನ್ನು ತನ್ನ ಮೈಯಲ್ಲೇ ಮಾಡಿಕೊಳ್ಳುವ ಪ್ರಾಣಿ ಅಂದರೆ ಇವೇ. ಇನ್ನೊಂದು, ಅದರ ಹೃದಯ. ರಕ್ತವನ್ನು ಸ್ವಲ್ಪ ಹೊತ್ತು ಒಂದು ದಿಕ್ಕಿಗೆ ಒತ್ತುತ್ತದೆ. ನಿಲ್ಲುತ್ತದೆ. ಆಮೇಲೆ ಎದುರು ದಿಕ್ಕಿಗೆ ಒತ್ತುತ್ತದೆ. ಮತ್ತೆ ನಿಂತು ಮೊದಲಿನ ಹಾಗೆ. ಬಸ್ಸಿನ ಕಂಡಕ್ಟರ್ ಮುಂದಿನಿಂದ ಹಿಂದೆ, ಹಿಂದಿನಿಂದ ಮುಂದೆ ಓಡಾಡಿದ ಹಾಗೆ.

ಮುಚ್ಚಳ ಹಿಡಿದುಕೊಂಡು ಮನೆಗೆ ನಡೆಯುತ್ತ ನಾನು ಚಿಕ್ಕವಳಿದ್ದಾಗಿನ ನೀಲಿ ನಾಣ್ಯಗಳ ಕತೆ ಹೇಳಿದೆ. ಮಳೆಗಾಲದ ಗಾಳಿಗೆ ಕೆಲವು ದಿನ ದಡದ ತುಂಬ ಅವು ಬಂದು ಬೀಳುತ್ತಿದ್ದವು. ನಡುವೆ ಬಿಳಿ ಬಿಲ್ಲೆ, ಸುತ್ತ ಅಚ್ಚ ನೀಲಿ ಕೂದಲಿನ ಅಂಚು. ನಾವು ಗೆರಟೆಯಲ್ಲಿ ತುಂಬಿಕೊಂಡು ಅಂಗಡಿ ಆಟ ಆಡುತ್ತಿದ್ದೆವು. ಹತ್ತು ನಾಣ್ಯಕ್ಕೆ ಒಂದು ಶಂಖ. ಪೋರ್ಪಿಟಾ ಅಂತ ಅದರ ಹೆಸರು, ಇಂಗ್ಲಿಷಿನಲ್ಲಿ ಬ್ಲೂ ಬಟನ್. ಅದೂ ನಿಜವಾದ ಜೆಲ್ಲಿಫಿಶ್ ಅಲ್ಲ. ಆ ಬಿಲ್ಲೆ ಗಾಳಿ ತುಂಬಿದ ತೆಪ್ಪ. ತೆಪ್ಪದ ಕೆಳಗೆ ಒಂದು ಸಂಸಾರವೇ ನೇತಾಡುತ್ತಿರುತ್ತದೆ. ಕೆಲವರದು ತಿನ್ನುವ ಕೆಲಸ, ಕೆಲವರದು ಮರಿ ಮಾಡುವ ಕೆಲಸ, ಅಂಚಿನವರದು ಬೇಟೆ.

ಅಜ್ಜಿ ಒಂದು ದಿನ ಗೆರಟೆ ನೋಡಿ ಎಲ್ಲವನ್ನೂ ಎಸೆಸಿದ್ದರು. ಆಗ ಸಿಟ್ಟು ಬಂದಿತ್ತು. ಪೋರ್ಪಿಟಾದಿಂದ ಅಂಥ ತೊಂದರೆ ಏನಿಲ್ಲ, ಸ್ವಲ್ಪ ತುರಿಕೆ ಆದರೆ ಆದೀತು. ಆದರೆ ಅದೇ ಗಾಳಿಗೆ ಅದೇ ನೀಲಿಯ ಇನ್ನೊಂದು ಬರುತ್ತದೆ. ಊದಿದ ಪುಟ್ಟ ಬಲೂನು, ಕೆಳಗೆ ಉದ್ದಕ್ಕೆ ನೀಲಿ ದಾರ. ಫೈಸೇಲಿಯಾ. ಮಳೆಗಾಲದಲ್ಲಿ ಮುಂಬೈ, ಗೋವಾ ಕಡಲ ತೀರಗಳಲ್ಲಿ ಜನರಿಗೆ ಕುಟುಕಿದ ಸುದ್ದಿ ಬರುತ್ತದಲ್ಲ, ಅದು. ಸತ್ತು ಮರಳಲ್ಲಿ ಬಿದ್ದ ಮೇಲೂ ಅದರ ದಾರ ಚುಚ್ಚಬಲ್ಲದು. ತಾಗಿದರೆ ಮರಳು ಹಾಕಿ ಉಜ್ಜಲು ಮಾತ್ರ ಹೋಗಬೇಡಿ, ಇನ್ನೂ ಚುಚ್ಚುತ್ತದೆ. ಅಜ್ಜಿಗೆ ಪೋರ್ಪಿಟಾ, ಫೈಸೇಲಿಯಾ ಅಂತ ಗೊತ್ತಿರಲಿಲ್ಲ. ನೀಲಿ ಅಂದರೆ ಮುಟ್ಟಬೇಡ, ಇಷ್ಟೇ ಅವರ ಲೆಕ್ಕ. ಮಲಯಾಳದವರು ಜೆಲ್ಲಿಫಿಶ್ಶಿಗೆ ಕಡಲ್‌ಚೊರಿ ಅನ್ನುತ್ತಾರೆ, ಕಡಲ ತುರಿಕೆ. ಮುಟ್ಟಿ ನೋಡಿದವರು ಇಟ್ಟ ಹೆಸರು.

ಇದೆಲ್ಲ ಓದುತ್ತ ಹೋದಾಗ 1896ರ ಒಂದು ಪ್ರಸಂಗ ಸಿಕ್ಕಿತು. ಅಮೆರಿಕದ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಊರಿನ ದಡಕ್ಕೆ ಒಂದು ಭಾರೀ ಮುದ್ದೆ ಬಂದು ಬಿತ್ತು. ಕಣ್ಣಿಲ್ಲ, ಮೂಳೆಯಿಲ್ಲ, ಬಿಳಿಚಿದ ರಬ್ಬರಿನಂಥ ಗುಡ್ಡ. ಯೇಲ್ ವಿಶ್ವವಿದ್ಯಾಲಯದ ಅಡಿಸನ್ ವೆರಿಲ್ ದೊಡ್ಡ ವಿದ್ವಾಂಸರು. ಅವರು ದಡಕ್ಕೆ ಹೋಗದೆ, ಬಂದ ಪತ್ರ ಮತ್ತು ಫೋಟೊಗಳ ಮೇಲೇ ಇದೊಂದು ದೈತ್ಯ ಆಕ್ಟೋಪಸ್ ಎಂದು ಲ್ಯಾಟಿನ್ ಹೆಸರನ್ನೂ ಇಟ್ಟುಬಿಟ್ಟರು. ಆಮೇಲೆ ಅದರ ತುಂಡು ಕೈಗೆ ಬಂದಾಗ ತಪ್ಪಾಯಿತು, ಇದು ತಿಮಿಂಗಿಲದ್ದು ಎಂದು ಹೆಸರು ವಾಪಸ್ ತೆಗೆದುಕೊಂಡರು. ಜನ ಬಿಡಲಿಲ್ಲ. ದೈತ್ಯ ಆಕ್ಟೋಪಸ್ಸಿನ ಕತೆ ನೂರು ವರ್ಷ ಓಡಿತು. ಕೊನೆಗೆ 2004ರ ಹೊತ್ತಿಗೆ ಉಳಿದ ತುಂಡುಗಳನ್ನು ಮತ್ತೆ ಪರೀಕ್ಷಿಸಿ ತಿಮಿಂಗಿಲವೇ ಎಂದು ಖಚಿತ ಮಾಡಬೇಕಾಯಿತು. ಕೊಳೆತ ತಿಮಿಂಗಿಲವೂ ದಡದ ಮೇಲೆ ಲೋಳೆಯೇ. ವೆರಿಲ್ ಅವರಿಗೆ ನಾನು ನಗಲಾರೆ. ನಾನೂ ಫೋನಿನ ಫೋಟೊ ನೋಡಿ ಮೀನಿನ ಮೊಟ್ಟೆ, ಜೆಲ್ಲಿಫಿಶ್ ಅಂದವಳೇ.

ನೀರಲ್ಲಿ ಇದ್ದಾಗಲೇ ನೋಡಿದವನೊಬ್ಬ ಇದ್ದ. ಅವನ ಕತೆ ಹೇಳದೆ ಸ್ಯಾಲ್ಪ್ ಕತೆ ಮುಗಿಯುವುದಿಲ್ಲ. ಅಡೆಲ್‌ಬರ್ಟ್ ಫಾನ್ ಶಾಮಿಸೊ. ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲ್ಲಿನ ಕ್ರಾಂತಿಯ ಹೊತ್ತಿಗೆ ಮನೆಯವರು ಓಡಿಹೋಗಿ ಬರ್ಲಿನ್ ಸೇರಿದರು, ಇವನು ಜರ್ಮನ್ ಭಾಷೆಯ ಕವಿಯಾದ. 1815ರಲ್ಲಿ ರೂರಿಕ್ ಎಂಬ ರಷ್ಯದ ಹಡಗು ಭೂಮಿ ಸುತ್ತಲು ಹೊರಟಾಗ ಅದರಲ್ಲಿ ನಿಸರ್ಗ ಶಾಸ್ತ್ರಜ್ಞನಾಗಿ ಹತ್ತಿದ. ಅಟ್ಲಾಂಟಿಕ್‌ನಲ್ಲಿ ಗಾಳಿಯಿಲ್ಲದೆ ಹಡಗು ನಿಂತಾಗ ಸುತ್ತಲೂ ಸ್ಯಾಲ್ಪ್. ಬೇರೆಯವರಾದರೆ ಗಾಳಿಗೆ ಕಾಯುತ್ತಿದ್ದರು. ಇವನು ಹಿಡಿದು ಹಿಡಿದು ನೋಡಿದ.

ಆಗ ಎರಡು ಜಾತಿಯ ಸ್ಯಾಲ್ಪ್ ಇವೆ ಅಂದುಕೊಂಡಿದ್ದರು. ಒಂಟಿಯಾಗಿ ಈಜುವುದು ಒಂದು. ಒಂದಕ್ಕೊಂದು ಅಂಟಿಕೊಂಡು ಸರಪಳಿಯಾಗಿ ಈಜುವುದು ಇನ್ನೊಂದು. ಎರಡಕ್ಕೂ ಆಕಾರ ಬೇರೆ. ಶಾಮಿಸೊ ಕಂಡದ್ದು ಬೇರೆಯೇ. ಒಂಟಿಯ ಹೊಟ್ಟೆಯಲ್ಲಿ ಸರಪಳಿ ಇತ್ತು. ಸರಪಳಿಯ ಪ್ರತಿ ಕೊಂಡಿಯ ಹೊಟ್ಟೆಯಲ್ಲಿ ಒಂಟಿ ಮರಿ ಇತ್ತು. ಅಂದರೆ ಎರಡೂ ಒಂದೇ ಪ್ರಾಣಿ. ಮಗಳು ಯಾವತ್ತೂ ಅಮ್ಮನ ಹಾಗಿರುವುದಿಲ್ಲ, ಅಜ್ಜಿಯ ಹಾಗಿರುತ್ತಾಳೆ. ಅವಳ ಮಗಳು ಮತ್ತೆ ಅವಳ ಅಮ್ಮನ ಹಾಗೆ. 1819ರಲ್ಲಿ ಇದನ್ನು ಪ್ರಕಟಿಸಿದಾಗ ಹಲವರು ನಂಬಲಿಲ್ಲ. ಕವಿ ಬರೆದದ್ದು ತಾನೆ? ಇಪ್ಪತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಬೇರೆಯವರು ನೋಡಿ ಹೌದು ಎಂದರು. ಈಗ ಪ್ರಾಣಿಶಾಸ್ತ್ರದಲ್ಲಿ ತಲೆಮಾರುಗಳ ಪರ್ಯಾಯ ಎಂದು ಪಾಠ ಮಾಡುವ ಸಂಗತಿ ಶುರುವಾದದ್ದೇ ಅವನ ಆ ಸ್ಯಾಲ್ಪ್‌ಗಳಿಂದ.

ಇದನ್ನು ಫೋನಿನಲ್ಲಿ ಓದಿ ಹೇಳಿದಾಗ ಅಡಿಗೆ ಮನೆಯಲ್ಲಿ ಕಾಯಿ ತುರಿಯುತ್ತಿದ್ದ ಅಮ್ಮ ತಲೆ ಎತ್ತದೆ ಅಂದರು, "ಅದಕ್ಕೆ ಅಷ್ಟು ದೂರ ಹಡಗಲ್ಲಿ ಹೋಗಬೇಕಾ? ನಮ್ಮ ಮನೆಗೆ ಬಂದಿದ್ರೆ ಆಗ್ತಿತ್ತು."

ಅಷ್ಟೊತ್ತಿಗೆ ಪ್ರಾಣಿ ಮುಚ್ಚಳದಿಂದ ಸ್ಟೀಲ್ ಲೋಟಕ್ಕೆ ಬಂದಿತ್ತು. ಹುಡುಗಿ ಫೋನಿನ ಟಾರ್ಚು ಪಕ್ಕದಿಂದ ಹಿಡಿದು ಪಟ್ಟಿ ಎಣಿಸುತ್ತಿದ್ದಳು. ಯಾವ ಜಾತಿಯ ಸ್ಯಾಲ್ಪ್ ಅಂತ ತಿಳಿಯಲು ಮೈಯ ಸ್ನಾಯುಪಟ್ಟಿ ಎಷ್ಟು, ಯಾವುದು ಯಾವುದಕ್ಕೆ ಕೂಡಿದೆ ಅಂತ ನೋಡಬೇಕು ಅಂದಿದ್ದಳು ನನ್ನ ಗೆಳತಿ. ಹುಡುಗಿಗೆ ಐದು ಸಿಕ್ಕಿತು. ನನಗೆ ಆರು. ಮತ್ತೆ ಎಣಿಸಿದರೆ ಅವಳಿಗೆ ಆರು, ನನಗೆ ಐದು. ಸ್ಯಾಲ್ಪ್ ಅಂತ ಗೊತ್ತಾಯಿತಲ್ಲ, ಸಾಕು ಅಂತ ಬಿಟ್ಟೆವು.

ಅವು ಅಷ್ಟೊಂದು ಯಾಕೆ ಬಂದವು ಅನ್ನುವುದಕ್ಕೆ ಉತ್ತರ ಅವುಗಳ ಊಟದಲ್ಲಿದೆ. ಮಳೆಗಾಲದಲ್ಲಿ ನಮ್ಮ ಕಡಲಿನ ತಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರ ಜೊತೆ ಗೊಬ್ಬರವೂ ಬರುತ್ತದೆ. ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಇದೇ ಕಾರಣಕ್ಕೆ ಬೂತಾಯಿ, ಬಂಗುಡೆ ನಮ್ಮಲ್ಲಿ ಇಷ್ಟು ಸಿಗುವುದು. ಇಂಥ ಹಬ್ಬದೂಟವನ್ನು ಸ್ಯಾಲ್ಪ್ ಬಿಡುತ್ತದಾ? ಒಂದು ಬಾಯಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ನಡುವೆ ಲೋಳೆಯ ಬಲೆ. ಈಜುವುದೂ ತಿನ್ನುವುದೂ ಒಂದೇ ಕೆಲಸ. ಬಲೆಯ ಕಣ್ಣು ಎಷ್ಟು ಸಣ್ಣ ಅಂದರೆ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕ ಕಣವೂ ಸಿಕ್ಕಿಬೀಳುತ್ತದೆ. ಊಟ ಸಿಕ್ಕರೆ ಕೆಲವು ಸ್ಯಾಲ್ಪ್‌ಗಳ ಮೈ ಉದ್ದ ಒಂದು ಗಂಟೆಯಲ್ಲಿ ಹತ್ತರಲ್ಲೊಂದು ಪಾಲು ಹೆಚ್ಚಬಲ್ಲದು. ಸರಪಳಿಯ ಮೇಲೆ ಸರಪಳಿ ಹೆರುತ್ತವೆ. 2012ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಡಯಾಬ್ಲೊ ಕ್ಯಾನಿಯನ್ ಅಣುಸ್ಥಾವರದ ಒಂದು ಘಟಕವನ್ನು ಇವುಗಳಿಂದಾಗಿಯೇ ನಿಲ್ಲಿಸಬೇಕಾಯಿತು. ಕಡಲ ನೀರು ಎಳೆದುಕೊಳ್ಳುವ ಜಾಗದಲ್ಲಿ ಬಂದು ತುಂಬಿಕೊಂಡಿದ್ದವು.

ತಿಂದದ್ದರ ಇನ್ನೊಂದು ಕಡೆಯೂ ಇದೆ. ಸ್ಯಾಲ್ಪ್‌ನ ಹಿಕ್ಕೆ ಒತ್ತಾಗಿ, ಭಾರವಾಗಿ ಇರುತ್ತದೆ. ದಿನಕ್ಕೆ ಸಾವಿರ ಮೀಟರಿನಷ್ಟು ಆಳಕ್ಕೂ ಇಳಿಯಬಲ್ಲದು. ಗಾಳಿಯಿಂದ ಬಂದು ಸಸ್ಯದೊಳಗೆ ಸೇರಿದ ಇಂಗಾಲ ಹಾಗೆ ಕಡಲ ತಳ ಸೇರುತ್ತದೆ. ನಮ್ಮ ಗಾಡಿಯ ಹೊಗೆಯನ್ನು ಸ್ವಲ್ಪ ಇವು ಹೇತು ಮುಳುಗಿಸುತ್ತಿವೆ ಅಂತ ನಾನು ಹೇಳಿದಾಗ ಹುಡುಗಿ ಬಿದ್ದು ಬಿದ್ದು ನಕ್ಕಳು. ಅವಳ ಶಾಲೆಯ ಪ್ರಾಜೆಕ್ಟಿಗೆ ತಲೆಬರಹ ಸಿಕ್ಕಿತಂತೆ. ಅವರ ಟೀಚರ್ ಒಪ್ಪುತ್ತಾರೆ ಅಂತ ನನಗೇನೂ ನಂಬಿಕೆ ಇಲ್ಲ.

ಹತ್ತು ಗಂಟೆಯ ಹೊತ್ತಿಗೆ ಲೋಟದ ಪೀಪಾಯಿ ನಿಧಾನವಾಯಿತು. ಪಟ್ಟಿಗಳು ಒಟ್ಟಿಗೆ ಬಿಗಿಯುವುದು ಹೋಗಿ ಒಂದೊಂದಾಗಿ ನಡುಗಿದವು. ಆಮೇಲೆ ಅದೂ ಇಲ್ಲ. ಮೈ ಮಸುಕಾಗಿ ತಳಕ್ಕೆ ಕೂತಿತು. ಹುಡುಗಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಅಲ್ಲೇ ಬಿಟ್ಟು ಬರಬೇಕಿತ್ತಾ ಅಂತ ಕೇಳಿದಳು. ದಡದ ಮೇಲೆ ಇದ್ದರೂ ಅಷ್ಟೇ ಹೊತ್ತು ಇರುತ್ತಿತ್ತು ಅಂದೆ. ಅದು ನಿಜ. ಆದರೂ ಹೇಳುವಾಗ ನನಗೇ ಸಮಾಧಾನ ಆಗಲಿಲ್ಲ.

ಸಂಜೆ ಲೋಟ ಹಿಡಿದುಕೊಂಡು ಮತ್ತೆ ಇಳಿದೆವು. ಬೆಳಿಗ್ಗೆ ನೂರಾರು ಇದ್ದ ಗೆರೆಯಲ್ಲಿ ಈಗ ಒಂದೂ ಇಲ್ಲ. ಬಿಸಿಲಿಗೆ ಎಲ್ಲ ಆರಿ ಹೋಗಿದ್ದವು. ಮೈಯಲ್ಲಿ ಇದ್ದದ್ದೇ ನೀರು. ಮರಳ ಮೇಲೆ ತೆಳ್ಳಗೆ, ಕನ್ನಡಕಕ್ಕೆ ಎಣ್ಣೆ ಕೈ ತಾಗಿದ ಹಾಗೆ ಒಂದಿಷ್ಟು ಕಲೆ ಮಾತ್ರ. ಮೊಣಕಾಲುದ್ದ ನೀರಿಗೆ ಇಳಿದು ಹುಡುಗಿ ಲೋಟ ಬಗ್ಗಿಸಿದಳು.

ಮನೆಗೆ ಬಂದು ಲೋಟವನ್ನು ಹುಣಸೆಹಣ್ಣು ಹಾಕಿ ನಾನೇ ಎರಡು ಸಲ ತಿಕ್ಕಿದೆ. ಅಮ್ಮ ಒಪ್ಪಲಿಲ್ಲ. ಈಗ ಅದು ಅಂಗಳದ ತುಳಸಿಗೆ ನೀರು ಹಾಕುವ ಲೋಟ. ಮೊನ್ನೆ ಫೋನಿನಲ್ಲಿ ಕೇಳಿದೆ, ಅದು ಒಳಗೆ ಬಂತಾ ಅಂತ.

"ನಿನ್ನ ನೆಂಟರ ಲೋಟ ಹೊರಗೇ ಇರ್ಲಿ" ಅಂದರು.